ಮಿಯಾನಿ ಇಲ್ಲದ ಪ್ಯಾಂಟು

ಜೀನ್ಸ್ ಪ್ಯಾಂಟಿನ ಬಗ್ಗೆ ನಮ್ಮಲ್ಲಿ ಆಗಿರುವಷ್ಟು ವಾಗ್ವಾದ, ಬುರ್ಖಾ ಒಂದನ್ನು ಬಿಟ್ಟರೆ, ಬೇರಾವ ಉಡುಪಿನ ಬಗ್ಗೆಯೂ ಆಗಿರಲಾರದು. ಶುಕ್ರವಾರದ ಬಯಾನ್‌ನಲ್ಲಿ ಅದರ ಪ್ರಸ್ತಾಪ ಬರುತ್ತದೆ. ಮದುವೆ ಮನೆಯಲ್ಲಿ ಹಿರಿಯರು ಗುಂಪುಗೂಡಿದಲ್ಲಿ ಬರುತ್ತದೆ. ಕಾಲೇಜುಗಳ ವಸ್ತ್ರಸಂಹಿತೆಯ ಸುತ್ತೋಲೆಗಳಲ್ಲೂ ಬರುತ್ತದೆ. ಅದು ಪಾಶ್ಚಾತ್ಯರದ್ದು, ಮೈಗೆ ಅಂಟಿಕೊಳ್ಳುತ್ತದೆ, ಲಜ್ಜೆಯನ್ನು ಕೆಡಿಸುತ್ತದೆ ಎಂದು ಒಂದು ಗುಂಪು ಹೇಳಿದರೆ, ಅದು ಆಧುನಿಕತೆಯ ಗುರುತು, ಸ್ವಾತಂತ್ರ್ಯದ ಗುರುತು ಎಂದು ಇನ್ನೊಂದು ಗುಂಪು ವಾದಿಸುತ್ತದೆ. ಎರಡೂ ಗುಂಪಿನವರು ಪ್ಯಾಂಟನ್ನು ಹೊರಗೆ ನಿಂತು ನೋಡುತ್ತಿದ್ದಾರೆ. ಅದರೊಳಗಿರುವ ಕಾಲುಗಳಿಗೆ ಹೇಗಿದೆ ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ವೃತ್ತಿಯಾಗಿ ಕೇಳುತ್ತಿದ್ದವನು ನಮ್ಮ ಮೊಹಲ್ಲಾದ ದರ್ಜಿ ಒಬ್ಬನೇ: "ಬೈಠೇ ತೋ ಪಕಡ್ತಾ ಕ್ಯಾ?" ಕೂತರೆ ಹಿಡಿಯುತ್ತದೆಯೇ?

ಪುಸ್ತಕವೊಂದನ್ನು ವಿಮರ್ಶಿಸುವ ಹಾಗೆ ಇಲ್ಲಿ ನಾವು ಒಂದು ಪ್ಯಾಂಟನ್ನು ವಿಮರ್ಶಿಸಲು ಹೊರಟಿದ್ದೇವೆ. ಅದಕ್ಕೆ ಕಾರಣವೂ ಇದೆ. ಮೈಸೂರಿನ ಮಾಲ್‌ಗಳಲ್ಲಿ, ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಲ್ಲಿ ಈಗ ನೇತುಹಾಕಿರುವ ಜೀನ್ಸ್‌ಗಳ ಚೀಟಿಗಳನ್ನು ಓದಿದರೆ ಹೊಸದೊಂದು ಭಾಷೆ ಕಾಣುತ್ತದೆ: 'ಕಂಫರ್ಟ್', 'ಫ್ಲೆಕ್ಸ್', 'ಸ್ಟ್ರೆಚ್'. ಜಾಹೀರಾತಿನ ಯುವಕ ಕಾಲನ್ನು ತಲೆಯ ಎತ್ತರಕ್ಕೆ ಚಾಚುತ್ತಾನೆ, ಗೋಡೆ ಹತ್ತುತ್ತಾನೆ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಇಷ್ಟು ದಿನ ಈ ಪ್ಯಾಂಟಿನಲ್ಲಿ ಇದೆಲ್ಲ ಆಗುತ್ತಿರಲಿಲ್ಲ ಎಂಬುದನ್ನು ಕಂಪನಿಗಳೇ ಹೀಗೆ ಒಪ್ಪಿಕೊಂಡಂತಾಯಿತು! ದುಬಾರಿ ಬೆಲೆಯ ಕೆಲವು ಜೀನ್ಸ್‌ಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಎರಡು ಕಾಲುಗಳು ಕೂಡುವ ಕಡೆ, ಹೊಲಿಗೆಗಳೆಲ್ಲ ಬಂದು ಸೇರುವಲ್ಲಿ, ಗಾಳಿಪಟದ ಆಕಾರದ ಒಂದು ತುಂಡು ಬಟ್ಟೆಯನ್ನು ಸೇರಿಸಿ ಹೊಲಿದಿರುತ್ತಾರೆ. ಇದಕ್ಕೆ ಗಸೆಟ್ ಎಂದು ಹೆಸರು. ಮೊದಲು ಇದು ಕರಾಟೆ ಮುಂತಾದ ಕಲೆಗಳನ್ನು ಕಲಿಯುವವರ ಪ್ಯಾಂಟುಗಳಲ್ಲಿತ್ತು, ಅಮೆರಿಕದ ಚಿತ್ರನಟ ಚಕ್ ನಾರಿಸ್ ಹೆಸರಿನಲ್ಲಿ ಅಂಥ ಜೀನ್ಸ್ ಮಾರಾಟವೂ ಆಯಿತು. ಈಗ ಬೆಟ್ಟ ಹತ್ತುವವರಿಗೆ, ಸೈಕಲ್ ತುಳಿಯುವವರಿಗೆ, ಕೊನೆಗೆ ಆಫೀಸಿಗೆ ಹೋಗುವವರಿಗೂ ಅದನ್ನು ಹೊಸ ಆವಿಷ್ಕಾರವೆಂದು ಮಾರುತ್ತಿದ್ದಾರೆ.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಇದನ್ನು ಓದಿ ನಗು ಬಂದರೆ ತಪ್ಪಲ್ಲ. ಏಕೆಂದರೆ ಆ ತುಂಡಿಗೆ ನಮ್ಮ ಮನೆಗಳಲ್ಲಿ ಒಂದು ಹೆಸರಿದೆ: ಮಿಯಾನಿ. 'ಮಿಯಾನ್' ಎಂದರೆ ನಡು. ನಡುವೆ ಇರುವುದು ಮಿಯಾನಿ. ಪಾಯಿಜಾಮ, ಸಲ್ವಾರ್, ಚೂಡಿದಾರ್ ಯಾವುದನ್ನೇ ಹಳೆಯ ಕ್ರಮದಲ್ಲಿ ಹೊಲಿದರೂ ಎರಡು ಕಾಲುಗಳ ನಡುವೆ ಮಿಯಾನಿ ಇಟ್ಟೇ ಹೊಲಿಯುತ್ತಿದ್ದರು. ಕುರ್ತಾದ ಕಂಕುಳಲ್ಲಿ ಇಡುವ ಅಂಥದೇ ಚೌಕ ತುಂಡಿಗೆ ಚೌಬಗಲಾ ಎನ್ನುತ್ತಾರೆ. ಕೈ ಮೇಲೆತ್ತಿದಾಗ ಕುರ್ತಾ ಪೂರ್ತಿ ಮೇಲೇಳದಂತೆ ತಡೆಯುವುದು ಅದು. ನಮ್ಮ ದಾದಿ, ನಾನಿಯರ ಕಾಲದಲ್ಲಿ ಹೊಲಿಗೆ ಕಲಿಯುವ ಹುಡುಗಿಗೆ ಮೊದಲ ಪರೀಕ್ಷೆಯೇ ಮಿಯಾನಿಯ ನಾಲ್ಕು ಮೂಲೆಗಳನ್ನು ಸುಕ್ಕಿಲ್ಲದಂತೆ ಕೂಡಿಸುವುದಾಗಿತ್ತು.

ಈ ತುಂಡು ಏನು ಮಾಡುತ್ತದೆ ಎಂಬುದನ್ನು ತುಸು ಬಿಡಿಸಿ ನೋಡಬೇಕು. ಪ್ಯಾಂಟೆಂದರೆ ಎರಡು ಕೊಳವೆಗಳು. ಅವನ್ನು ಒಂದೇ ಬಿಂದುವಿನಲ್ಲಿ ಸೇರಿಸಿ ಹೊಲಿದರೆ ನಿಂತಾಗ, ನಡೆದಾಗ ತೊಂದರೆಯಿಲ್ಲ. ಕಾಲನ್ನು ಪಕ್ಕಕ್ಕೆ ಅಗಲಿಸಿದರೆ, ಮಂಡಿ ಎತ್ತಿದರೆ, ತೊಡೆಯ ಒಳಬದಿಯ ಬಟ್ಟೆ ಇದ್ದದ್ದಕ್ಕಿಂತ ಉದ್ದವಾಗಬೇಕಾಗುತ್ತದೆ. ಬಟ್ಟೆ ಉದ್ದವಾಗುವುದಿಲ್ಲ. ಆಗ ಅದು ಸೊಂಟದಿಂದ ಕೆಳಗೆ ಜಗ್ಗುತ್ತದೆ, ಹಿಂದೆ ಬೆನ್ನು ಕಾಣುತ್ತದೆ, ಅಥವಾ ನಾಲ್ಕು ಹೊಲಿಗೆ ಸೇರಿದ ಆ ಒಂದೇ ಬಿಂದು ಪರ್‍ರೆಂದು ಹರಿಯುತ್ತದೆ. ಜೀನ್ಸ್ ಮೊದಲು ಹರಿಯುವುದು ಅಲ್ಲಿಯೇ ಎಂಬುದು ರಫು ಮಾಡುವವರಿಗೆಲ್ಲ ಗೊತ್ತು. ಮಿಯಾನಿ ಇಟ್ಟರೆ ಆ ಬಿಂದುವಿನ ಜಾಗದಲ್ಲಿ ಅಂಗೈಯಷ್ಟು ಬಟ್ಟೆ ಬರುತ್ತದೆ. ಎಳೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಕಾಲು ಅಗಲಿಸಿದಾಗ ಮಡಿಚಿಕೊಂಡಿದ್ದ ತುಂಡು ಬಿಚ್ಚಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಮಾತು. ಪ್ಯಾಂಟು ಸಡಿಲವಾಗಿದ್ದರೆ ಸಾಕು, ಸಲೀಸಾಗಿರುತ್ತದೆ ಎಂಬ ತಿಳಿವಳಿಕೆ ಎಲ್ಲರಲ್ಲೂ ಇದೆ. ನಮ್ಮ ಮೌಲಾನಾಗಳೂ ಹಾಗೆಯೇ ತಿಳಿದಂತಿದೆ. ಅದು ಪೂರ್ತಿ ನಿಜವಲ್ಲ. ಆಸನ, ಅಂದರೆ ಸೊಂಟದಿಂದ ಕಾಲುಗಳು ಕೂಡುವವರೆಗಿನ ಅಳತೆ, ಹೆಚ್ಚಾಗಿ ತೊಡೆಗಳ ನಡುವೆ ಜೋತುಬಿದ್ದ ಪ್ಯಾಂಟು ನೋಡಲು ಎಷ್ಟೇ ಸಡಿಲವಾಗಿ ಕಂಡರೂ ಹೆಜ್ಜೆ ಎತ್ತಲು ಬಿಡುವುದಿಲ್ಲ. ಬಿಗಿ ಲಂಗ ಉಟ್ಟವರ ಹೆಜ್ಜೆಯಂತೆ ಅದು ಕಾಲುಗಳನ್ನು ಕಟ್ಟಿಹಾಕುತ್ತದೆ. ನಂಬಿಕೆ ಬಾರದವರು ಅಂಥ ಜೋಲು ಜೀನ್ಸ್ ತೊಟ್ಟು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ನೂರನ್ನು ಹತ್ತಿ ನೋಡಬಹುದು. ಹಳೆಯ ಸಲ್ವಾರ್ ಸಲೀಸಾಗಿರುವುದು ಅದರ ಅಗಲದಿಂದ ಮಾತ್ರವಲ್ಲ, ನಡುವೆ ಇರುವ ತುಂಡಿನಿಂದ. ಬಿಗಿ, ಸಡಿಲ ಎಂಬ ಎರಡೇ ಪದಗಳಲ್ಲಿ ನಮ್ಮ ಉಡುಪಿನ ಚರ್ಚೆಯನ್ನು ಮುಗಿಸುವವರು ಬಟ್ಟೆಯನ್ನು ಕತ್ತರಿಸುವ ವಿದ್ಯೆಯನ್ನೇ ಮರೆತಿದ್ದಾರೆ.

ಹಾಗೆಂದು ಎಲ್ಲವೂ ನಮ್ಮಲ್ಲಿಯೇ ಇತ್ತು ಎಂದು ಎದೆ ತಟ್ಟಿಕೊಳ್ಳುವ ಚಟಕ್ಕೆ ಬೀಳುವುದು ಬೇಡ. ಆ ಕಾಯಿಲೆ ಈಗ ದೇಶದಲ್ಲಿ ಸಾಕಷ್ಟಿದೆ. ಮಿಯಾನಿ ಮುಸ್ಲಿಮರದ್ದೂ ಅಲ್ಲ, ಹಿಂದೂಸ್ತಾನದ್ದೂ ಅಲ್ಲ. ಈಗಿನ ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ತುರ್ಫಾನ್ ಬಳಿಯ ಯಾಂಗ್‌ಹಾಯ್ ಎಂಬಲ್ಲಿ ಹಳೆಯ ಗೋರಿಗಳಿಂದ ಉಣ್ಣೆಯ ಪ್ಯಾಂಟುಗಳು ಸಿಕ್ಕಿವೆ. ಅವು ಸುಮಾರು 3000 ವರ್ಷ ಹಳೆಯವೆಂದು 2014ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಇದುವರೆಗೆ ಜಗತ್ತಿನಲ್ಲಿ ಸಿಕ್ಕ ಅತಿ ಹಳೆಯ ಪ್ಯಾಂಟುಗಳೆಂದು ಅವನ್ನು ಗುರುತಿಸಲಾಗಿದೆ. ಅವುಗಳ ರಚನೆ ಹೇಗಿದೆ? ಎರಡು ಕಾಲಿಗೆ ಎರಡು ತುಂಡು, ನಡುವೆ ಅಗಲವಾದ ಮೂರನೆಯ ತುಂಡು. ಕುದುರೆಯ ಬೆನ್ನೇರುವವನಿಗೆ ಕಾಲು ಅಗಲಿಸಲು ಅದು ಬೇಕಿತ್ತು. ಅಂದರೆ ಮನುಷ್ಯ ಹೊಲಿದ ಮೊದಮೊದಲ ಪ್ಯಾಂಟುಗಳಲ್ಲಿಯೇ ಮಿಯಾನಿ ಇತ್ತು. ನಡುವಿನ ತುಂಡನ್ನು ಕಿತ್ತು ಹಾಕಿದ್ದು ಆಮೇಲಿನ ಬೆಳವಣಿಗೆ.

ಕುದುರೆಯ ಮಾತು ಬಂದಾಗ ಜೋಧ್‌ಪುರಿ ಪ್ಯಾಂಟನ್ನೂ ನೆನೆಯಬೇಕು. ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಪೋಲೋ ತಂಡದೊಂದಿಗೆ ಇಂಗ್ಲೆಂಡಿಗೆ ಹೋದಾಗ ತೊಟ್ಟಿದ್ದ ಸವಾರಿ ಪ್ಯಾಂಟು ಅಲ್ಲಿಯವರಿಗೆ ಮೆಚ್ಚಿಗೆಯಾಗಿ ಊರಿನ ಹೆಸರಿನಲ್ಲಿಯೇ ಜಗತ್ತನ್ನು ಸುತ್ತಿತು. ಚೂಡಿದಾರ್ ಪಾಯಿಜಾಮವನ್ನೇ ತೊಡೆಯ ಬಳಿ ಹಿಗ್ಗಿಸಿ ಮಾಡಿದ ಉಡುಪು ಅದು. ನಮ್ಮ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಸಾಗುವಾಗ ಅವರ ಪ್ಯಾಂಟಿನ ತೊಡೆಯ ಭಾಗವನ್ನು ಗಮನಿಸಿದವರಿಗೆ ಇದು ಅರ್ಥವಾದೀತು. ಪ್ಯಾಂಟನ್ನು ಚಲನೆಗೆ ಒಗ್ಗಿಸುವ ಕೆಲಸ ಈ ನೆಲದಲ್ಲಿ ಹಿಂದೆಯೂ ಆಗಿದೆ.

ಜೀನ್ಸ್‌ನ ಚರಿತ್ರೆ ಇದಕ್ಕಿಂತ ಬೇರೆ. ಅಮೆರಿಕದ ನೆವಾಡಾದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದ. ರೀಗಾ ಪಟ್ಟಣದಿಂದ ವಲಸೆ ಹೋಗಿದ್ದ ಯಹೂದಿ. ಮರ ಕಡಿಯುವ ಗಂಡನ ಪ್ಯಾಂಟು ಪದೇ ಪದೇ ಹರಿಯುತ್ತದೆ, ಗಟ್ಟಿಯದೊಂದು ಹೊಲಿದುಕೊಡು ಎಂದು ಹೆಂಗಸೊಬ್ಬಳು ಬಂದು ಕೇಳಿದಳು. ಆತ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದು ಕೊಟ್ಟ. ಅದಕ್ಕೆ 1873ರ ಮೇ 20ರಂದು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ ಪೇಟೆಂಟು ಪಡೆದ. ನಿಂತು ಕೆಲಸ ಮಾಡುವ, ಗಣಿಯಲ್ಲಿ ಅಗೆಯುವ ಕೂಲಿಯವನ ಉಡುಪು ಇದು. ಅದಕ್ಕೆ ಬೇಕಾಗಿದ್ದದ್ದು ಬಾಳಿಕೆ. ಒಬ್ಬ ಹೆಂಗಸಿನ ದೂರನ್ನು ಒಬ್ಬ ದರ್ಜಿ ಕಿವಿಗೊಟ್ಟು ಕೇಳಿದ್ದರಿಂದ ಹುಟ್ಟಿದ ಪ್ಯಾಂಟು ಎಂಬ ಕಾರಣಕ್ಕೆ ನಮಗೆ ಅದರ ಮೇಲೆ ಗೌರವವಿದೆ. ಅದನ್ನು ಸಾಮ್ರಾಜ್ಯಶಾಹಿಯ ಸಂಚು ಎಂದು ಬಯ್ಯುವವರು ಈ ಬಡ ದರ್ಜಿಯ ಕಥೆಯನ್ನು ಓದುವುದು ಒಳ್ಳೆಯದು. ಒರಟು ಕೆಲಸದ ಬಟ್ಟೆಗೆ ಇಂಗ್ಲಿಷರು ಬಳಸುವ 'ಡಂಗರಿ' ಎಂಬ ಪದವಂತೂ ಮುಂಬಯಿಯ ಡೋಂಗ್ರಿಯಿಂದ ಹೋದದ್ದು. ಬಟ್ಟೆಗಳಿಗೆ ಪಾಸ್‌ಪೋರ್ಟು ಇರುವುದಿಲ್ಲ.

ಹಳೆಯ ಜೀನ್ಸ್‌ಗಳಲ್ಲಿ ಕಾಲುಗಳು ಕೂಡುವ ಬಿಂದುವಿಗೂ ಒಂದು ರಿವೆಟ್ಟು ಇರುತ್ತಿತ್ತು. ಬೆಂಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೈ ಕಾಯಿಸಿಕೊಳ್ಳುವ ದನಗಾಹಿಗಳಿಗೆ ಆ ರಿವೆಟ್ಟು ಕಾದು ಎಲ್ಲಿ ಸುಡಬಾರದೋ ಅಲ್ಲಿ ಸುಡುತ್ತಿತ್ತಂತೆ. ಕಂಪನಿಯವರೇ ಹೇಳುತ್ತಾ ಬಂದಿರುವ ಕಥೆ ಇದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ರಿವೆಟ್ಟು ಮಾಯವಾಯಿತು. ಕುಕ್ಕರುಗಾಲಿನಲ್ಲಿ ಕೂರುವ ಒಬ್ಬನ ಕಷ್ಟಕ್ಕಾಗಿ ಪ್ಯಾಂಟು ಬದಲಾಗಬಹುದು ಎಂಬುದಕ್ಕೆ ಇದು ಪುರಾವೆ. ಕುಕ್ಕರುಗಾಲಿನಲ್ಲಿ, ಚಕ್ಕಳಮಕ್ಕಳ ಹಾಕಿ, ಮಂಡಿಯೂರಿ ಕೂರುವ ಕೋಟ್ಯಂತರ ಜನರ ನಾಡಿಗೆ ಬಂದಾಗ ಮಾತ್ರ ಈ ಪ್ಯಾಂಟು ಒಂದಿಂಚೂ ಬದಲಾಗಲಿಲ್ಲ. ನಾವು ಬದಲಾದೆವು. ಕುರ್ಚಿಗೆ ಒಗ್ಗಿಕೊಂಡೆವು.

ನಮಾಝ್‌ನ ಚಲನೆಗಳನ್ನೇ ನೋಡಿ. ನಿಲ್ಲುವುದು, ಸೊಂಟದಿಂದ ಬಾಗುವುದು, ಹಣೆ ನೆಲಕ್ಕಿಟ್ಟು ಸಜ್ದಾ ಮಾಡುವುದು, ಕಾಲು ಮಡಿಚಿ ಕೂರುವುದು. ದಿನಕ್ಕೆ ಐದು ಹೊತ್ತು ಇಷ್ಟು ಬಗೆಯಲ್ಲಿ ಮಡಿಚಿ ಬಿಚ್ಚಿಕೊಳ್ಳುವ ದೇಹಕ್ಕೆ ಜೀನ್ಸ್ ಹೊಂದುವುದಿಲ್ಲ ಎಂಬುದು ತೊಟ್ಟವರಿಗೆಲ್ಲ ಗೊತ್ತು. ಮಂಡಿ ಮಡಿಚಿದಾಗ ಅದರ ಮೇಲಿನ ಚರ್ಮವೇ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ದಪ್ಪ ಡೆನಿಮ್ ಹಿಗ್ಗುವುದಿಲ್ಲ. ಅತ್ತಹಿಯ್ಯಾತಿಗೆ ಕೂತವನಿಗೆ ಮಂಡಿಯ ಹಿಂದೆ ಬಟ್ಟೆ ಗಂಟಾಗಿ ಒತ್ತಿ ಕಾಲು ಜೋಮು ಹಿಡಿಯುತ್ತದೆ. 2000ದ ದಶಕದಲ್ಲಿ ಸೊಂಟದ ಕೆಳಗೆ ನಿಲ್ಲುವ 'ಲೋ ವೇಸ್ಟ್' ಜೀನ್ಸ್ ಬಂದಾಗಲಂತೂ ಹಿಂದಿನ ಸಾಲಿನವರು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಹೊಕ್ಕುಳಿನಿಂದ ಮಂಡಿಯವರೆಗೆ ಮರೆಯಿರಬೇಕೆಂಬುದು ಪುರುಷರಿಗೆ ಹೇಳಿರುವ ನಿಯಮ. ಮುಂದಿನ ಸಾಲಿನ ಯುವಕ ಸಜ್ದಾಕ್ಕೆ ಬಾಗಿದಾಗ ಅದು ಮುರಿಯುತ್ತಿತ್ತು. ವುಝೂ ಮಾಡಲು ಹೌಝ್‌ನ ಕಟ್ಟೆಯ ಮೇಲೆ ಕೂತರೆ ಬಿಗಿ ಅಂಚಿನ ಪ್ಯಾಂಟು ಹರಡಿನ ಮೇಲೆ ಏರುವುದಿಲ್ಲ. ಇನ್ನು ಶೌಚದ ವಿಷಯ. ಹಿರಿಯರು ಇಂಥದನ್ನು ಬರೆಯಬಾರದು ಎನ್ನಬಹುದು, ಆದರೆ ಫಿಕ್ಹ್ ಗ್ರಂಥಗಳೇ ಆರಂಭವಾಗುವುದು ಶುಚಿತ್ವದ ಅಧ್ಯಾಯದಿಂದ. ಕೂತು ಮೂತ್ರ ವಿಸರ್ಜಿಸುವುದು, ನೀರು ಬಳಸುವುದು ನಮ್ಮ ಮಕ್ಕಳಿಗೆ ಮನೆಯಲ್ಲಿ ಕಲಿಸಿದ ಶಿಷ್ಟಾಚಾರ. ಬಿಗಿ ಜೀನ್ಸ್ ಅದನ್ನು ಸದ್ದಿಲ್ಲದೆ ಅಳಿಸಿಹಾಕಿತು. ಇದರ ಬಗ್ಗೆ ಬಯಾನ್ ಕೇಳಿದ ನೆನಪು ನಮಗಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಜೀನ್ಸ್ ಕುರಿತ ಉಪದೇಶವೆಲ್ಲ ಹೆಣ್ಣುಮಕ್ಕಳ ಕಡೆಗೆ ತಿರುಗಿದೆ. ಹುಡುಗರ ಮೈಗಂಟಿದ ಪ್ಯಾಂಟನ್ನು ಅಂಚು ಮಡಿಚಿಸಿ ಮಾಫಿ ಮಾಡಲಾಗುತ್ತದೆ. ಹುಡುಗಿ ಬುರ್ಖಾದ ಒಳಗೆ ಜೀನ್ಸ್ ತೊಟ್ಟರೂ ಮಾತು ಬೆಳೆಯುತ್ತದೆ. ಅವಳು ಅದನ್ನು ಏಕೆ ತೊಡುತ್ತಾಳೆ? ಉದಯಗಿರಿಯಿಂದಲೋ ರಾಜೀವನಗರದಿಂದಲೋ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವಳಿಗೆ ಗಾಳಿಗೆ ಹಾರದ, ಚಕ್ರಕ್ಕೆ ಸಿಕ್ಕದ, ಬಿದ್ದರೆ ಮಂಡಿ ತರಚದ ಉಡುಪು ಬೇಕು. ದುಪಟ್ಟಾ ಚಕ್ರಕ್ಕೆ ಸಿಕ್ಕ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅವಳಿಗೆ ಜೀನ್ಸ್ ಫ್ಯಾಷನ್ ಆಗುವುದಕ್ಕೆ ಮೊದಲು ರಕ್ಷಣೆ. ರಾಜ್ಯ ಪೊಲೀಸ್ ಇಲಾಖೆ ಇದನ್ನು ಸಮುದಾಯಗಳ ಮುಖಂಡರಿಗಿಂತ ಮೊದಲು ಅರ್ಥಮಾಡಿಕೊಂಡಿತು. ನೀಲಮಣಿ ಎನ್. ರಾಜು ಅವರು ಇಲಾಖೆಯ ಮುಖ್ಯಸ್ಥೆಯಾಗಿದ್ದಾಗ, 2018ರಲ್ಲಿ, ಮಹಿಳಾ ಸಿಬ್ಬಂದಿ ಕರ್ತವ್ಯದಲ್ಲಿ ಖಾಕಿ ಸೀರೆಯ ಬದಲು ಪ್ಯಾಂಟು ಷರ್ಟು ತೊಡಬೇಕೆಂದು ಸೂಚನೆ ಹೊರಟಿತು. ಸೀರೆಯುಟ್ಟು ಕಳ್ಳನ ಹಿಂದೆ ಓಡಲಾಗದು ಎಂಬ ಸರಳ ಸತ್ಯ ಅದರ ಹಿಂದಿತ್ತು.

ಆದರೆ ಮಾರುಕಟ್ಟೆ ಆ ಸ್ಕೂಟರಿನ ಹುಡುಗಿಗೆ ಕೊಟ್ಟದ್ದೇನು? ಅಂಗಡಿಯಲ್ಲಿ ಸಿಗುವ ಹೆಂಗಸರ ಜೀನ್ಸ್ ನೋಡುವವರ ಕಣ್ಣಿಗಾಗಿ ಕತ್ತರಿಸಿದ ಬಟ್ಟೆ. 2018ರಲ್ಲಿ ಅಮೆರಿಕದ ಪತ್ರಕರ್ತರ ಗುಂಪೊಂದು 20 ಬ್ರ್ಯಾಂಡುಗಳ ಜೀನ್ಸ್ ಅಳೆದು ನೋಡಿತು. ಹೆಂಗಸರ ಪ್ಯಾಂಟಿನ ಮುಂಜೇಬು ಗಂಡಸರದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡವಾಗಿತ್ತು. ಜೇಬಿನಲ್ಲಿ ಫೋನು ಹಿಡಿಸುವುದಿಲ್ಲ, ಬೀಗದ ಕೈ ಹಿಡಿಸುವುದಿಲ್ಲ. ಹೀಗಿರುವಾಗ ಇದನ್ನು ಸ್ವಾತಂತ್ರ್ಯದ ಉಡುಪು ಎಂದು ಹೊಗಳುವವರ ಮಾತನ್ನೂ ನಾವು ಒಪ್ಪಲಾರೆವು. ಉಪದೇಶಕನಿಗೂ ಕಂಪನಿಗೂ ಅವಳು ಹೇಗೆ ಕಾಣುತ್ತಾಳೆ ಎಂಬುದೇ ಚಿಂತೆ.

ಬಿಗಿತದ ದೂರಿಗೆ ಕಂಪನಿಗಳು ಕಂಡುಕೊಂಡ ಅಗ್ಗದ ಉತ್ತರ ಸ್ಟ್ರೆಚ್. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಎಳೆದರೆ ರಬ್ಬರಿನಂತೆ ಹಿಗ್ಗುವ ಎಳೆಯೊಂದನ್ನು ರೂಪಿಸಿದರು. ಲೈಕ್ರಾ ಎಂಬ ವ್ಯಾಪಾರಿ ಹೆಸರಿನಿಂದ ಅದು ನಮಗೆ ಪರಿಚಿತ. ಹತ್ತಿಯ ಜೊತೆ ನೂರಕ್ಕೆ ಒಂದೆರಡು ಪಾಲು ಇದನ್ನು ಸೇರಿಸಿ ನೇಯ್ದರೆ ಡೆನಿಮ್ ಹಿಗ್ಗುತ್ತದೆ. ಹಾಗಾಗಿ ಕತ್ತರಿಸುವಾಗ ದೇಹದ ಬಗ್ಗೆ ಯೋಚಿಸುವ ಕಷ್ಟವೇ ಇಲ್ಲ. ತಪ್ಪು ಕತ್ತರಿಯನ್ನು ರಬ್ಬರು ಮುಚ್ಚಿಹಾಕುತ್ತದೆ. ಆರಂಭದಲ್ಲಿ ಹಿತವಾಗಿಯೇ ಇರುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಒಗೆದು, ಬಿಸಿಲಿಗೆ ಒಣಹಾಕಿ, ಇಸ್ತ್ರಿಯುಜ್ಜಿ ವರ್ಷವಾಗುವಷ್ಟರಲ್ಲಿ ಎಳೆಯ ಜೀವ ಹೋಗಿ ಮಂಡಿಯ ಜಾಗ ಚೀಲದಂತೆ ಉಬ್ಬಿಕೊಳ್ಳುತ್ತದೆ. ನೂರು ಪಾಲು ಹತ್ತಿಯ ಹಳೆಯ ಜೀನ್ಸ್ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಕೈಚೀಲಕ್ಕೆ, ಕೈಚೀಲದಿಂದ ಕಾಲೊರಸಿಗೆ ಹೋಗುತ್ತಿತ್ತು. ರಬ್ಬರು ಬೆರೆತ ಹತ್ತಿಯನ್ನು ಮತ್ತೆ ಬಿಡಿಸಿ ನೂಲು ಮಾಡುವುದೂ ಕಷ್ಟ.

ರಬ್ಬರಿಲ್ಲದೆ ಬಟ್ಟೆಯನ್ನು ಹಿಗ್ಗಿಸುವ ವಿದ್ಯೆ ನಮ್ಮ ದರ್ಜಿಗಳಿಗೆ ಗೊತ್ತಿತ್ತು. ಅದರ ಹೆಸರು ಉರೇಬ್. ನೇಯ್ದ ಬಟ್ಟೆಯನ್ನು ಉದ್ದಕ್ಕೆ ಎಳೆದರೆ ಹಿಗ್ಗದು, ಅಡ್ಡಕ್ಕೂ ಹಿಗ್ಗದು. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಕರವಸ್ತ್ರ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಹಳೆಯ ಚೂಡಿದಾರ್ ಪಾಯಿಜಾಮಕ್ಕೆ ಬಟ್ಟೆಯನ್ನು ಮೊದಲು ಚೀಲದಂತೆ ಹೊಲಿದುಕೊಂಡು, ಆಮೇಲೆ ಉರೇಬ್ ಆಗಿ, ಅಂದರೆ ಓರೆಯಾಗಿ, ಕತ್ತರಿಸುತ್ತಿದ್ದರು. ಹಾಗಾಗಿ ಮೀನಖಂಡಕ್ಕೆ ಅಂಟಿಕೊಂಡಿದ್ದರೂ ಅದು ಮಂಡಿಯನ್ನು ಹಿಡಿಯುತ್ತಿರಲಿಲ್ಲ. ಹರಡಿನ ಬಳಿ ಬಳೆಯಂತೆ ಕೂರುವ ಮಡಿಕೆಗಳು ಚೆಂದಕ್ಕೆ ಮಾತ್ರ ಎಂದು ತಿಳಿದವರುಂಟು. ಅವು ಕೂಡಿಟ್ಟ ಉದ್ದ. ಕಾಲು ಮಡಿಚಿದಾಗ ಮಡಿಕೆಯಲ್ಲಿನ ಬಟ್ಟೆ ಮೇಲಕ್ಕೆ ಸರಿದು ಮಂಡಿಗೆ ಜಾಗ ಕೊಡುತ್ತದೆ. ಪ್ಯಾರಿಸ್ಸಿನಲ್ಲಿ ಮ್ಯಾಡಲೀನ್ ವಿಯೊನೆ ಎಂಬ ಮಹಿಳೆ 1920ರ ದಶಕದಲ್ಲಿ ಓರೆಯಾಗಿ ಕತ್ತರಿಸಿದ ಉಡುಪುಗಳನ್ನು ಮಾಡಿ ಹೆಸರಾದರು. ಆಕೆಯ ಪ್ರತಿಭೆಗೆ ನಮ್ಮ ಸಲಾಂ. ಆಕೆಯ ಬಗ್ಗೆ ಪುಸ್ತಕಗಳಿವೆ. ಉರೇಬ್ ಕತ್ತರಿಸುತ್ತಿದ್ದ ನಮ್ಮ ಉಸ್ತಾದರ ಹೆಸರನ್ನು ಬರೆದಿಟ್ಟವರು ಯಾರಿದ್ದಾರೆ? ಈಗ ಮೈಸೂರಿನ ಸಿದ್ಧ ಉಡುಪಿನ ಅಂಗಡಿಗಳಲ್ಲಿ ಚೂಡಿದಾರ್ ಎಂದು ಕೊಡುವುದು ರಬ್ಬರು ಬೆರೆಸಿದ ಲೆಗ್ಗಿಂಗ್ಸ್.

ನಮ್ಮ ಊರಿನ ವಿಚಿತ್ರವನ್ನೂ ಹೇಳಬೇಕು. 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಊರು ಇದು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಯೋಗಶಾಲೆಯಿಂದಾಗಿ ಗೋಕುಲಂ ಬಡಾವಣೆ ಜಗತ್ತಿನ ಭೂಪಟದಲ್ಲಿ ಸೇರಿತು. ಅಲ್ಲಿಗೆ ಬರುವ ಪರದೇಶದ ವಿದ್ಯಾರ್ಥಿಗಳನ್ನು ನೋಡಿ: ತಮ್ಮ ದೇಶದ ಜೀನ್ಸನ್ನು ಪೆಟ್ಟಿಗೆಯಲ್ಲಿಟ್ಟು, ಲಾಡಿ ಕಟ್ಟುವ, ಆಸನದ ಬಳಿ ಅಗಲವಾದ, ಹೂವಿನ ಚಿತ್ತಾರದ ಪ್ಯಾಂಟು ತೊಟ್ಟು ಎಳನೀರು ಕುಡಿಯುತ್ತಿರುತ್ತಾರೆ. ಅಭ್ಯಾಸಕ್ಕೆ ಅವರು ತೊಡುವ ಬಿಗಿ ಪ್ಯಾಂಟಿನ ನಡುವೆಯೂ ಗಾಳಿಪಟದ ತುಂಡು ಇರುತ್ತದೆ. ಪಕ್ಕದ ರಸ್ತೆಯಲ್ಲಿ ನಮ್ಮ ಕಾಲೇಜು ಹುಡುಗರು ಬಗ್ಗಲಾರದ ಜೀನ್ಸ್ ತೊಟ್ಟು ಬೈಕಿನ ಮೇಲೆ ಒರಗಿ ನಿಂತಿರುತ್ತಾರೆ, ಕೂರಲಾಗದ್ದಕ್ಕೋ ಏನೋ.

ಈ ಪ್ಯಾಂಟು ನಮ್ಮ ದರ್ಜಿಗಳ ಕೈಗೆ ಸಿಕ್ಕಿದ್ದ ಒಂದು ಕಾಲವಿತ್ತು. 1995ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್‌ನವರು 'ರಫ್ ಅಂಡ್ ಟಫ್' ಎಂಬ ಕಟ್ಟನ್ನು ಮಾರುಕಟ್ಟೆಗೆ ತಂದರು. ಒಂದು ಪ್ಯಾಂಟಿಗಾಗುವ ಡೆನಿಮ್, ಝಿಪ್ಪು, ಗುಂಡಿ, ರಿವೆಟ್ಟು, ಹಿಂದೆ ಅಂಟಿಸುವ ಚರ್ಮದ ಪಟ್ಟಿ ಎಲ್ಲವೂ ಒಂದೇ ಪೊಟ್ಟಣದಲ್ಲಿ, ಬೆಲೆ ಇನ್ನೂರು ರೂಪಾಯಿಯ ಆಸುಪಾಸು. ಗಿರಾಕಿ ಅದನ್ನು ಕೊಂಡು ತನ್ನ ದರ್ಜಿಯಲ್ಲಿ ಹೊಲಿಸಿಕೊಳ್ಳಬೇಕು. ಸಣ್ಣ ಊರುಗಳ ದರ್ಜಿಗಳಿಗೆ ಕಂಪನಿ ತರಬೇತಿಯನ್ನೂ ಕೊಟ್ಟಿತು. ಜೀನ್ಸ್‌ನ ನೂರಿಪ್ಪತ್ತು ವರ್ಷಗಳ ಇತಿಹಾಸದಲ್ಲಿ ಅದು ಕಾರ್ಖಾನೆಯಿಂದ ಹೊರಬಂದು ಅಳತೆ ಟೇಪಿನ ಎದುರು ನಿಂತ ಅಪರೂಪದ ಗಳಿಗೆ ಅದು. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾದ ದರ್ಜಿಗಳ ಕೈಯಲ್ಲಿ ಡೆನಿಮ್ ಇತ್ತು, ತಲೆಯಲ್ಲಿ ಮಿಯಾನಿ ಇತ್ತು. ಎರಡೂ ಕೂಡಲಿಲ್ಲ. ಹಳೆಯ ದರ್ಜಿಯೊಬ್ಬರನ್ನು ನಾವು ಕೇಳಿದಾಗ ಅವರು ಹೇಳಿದ್ದಿಷ್ಟು: "ಮಿಯಾನಿ ಹಾಕಿಕೊಡ್ತೀನಿ ಅಂದ್ರೆ ಹುಡುಗ್ರು ಬೇಡ ಅಂತಿದ್ರು ಸಾಬ್. ಪಾಯಿಜಾಮ ಥರ ಕಾಣ್ತದೆ, ಫಾರಿನ್ ಪೀಸ್ ಥರಾನೇ ಬರ್ಬೇಕು ಅಂತಿದ್ರು." ಅಸಲಿ ಕಾಣುವ ಆಸೆ ಆರಾಮದ ಆಸೆಯನ್ನು ಸೋಲಿಸಿತು. ಫಾರಿನ್‌ನವನೇ ಮಿಯಾನಿ ಹಾಕಿ ಕಳಿಸಿದ ಮೇಲೆ ಈಗ ಅದಕ್ಕೆ ಮೂರು ಪಟ್ಟು ಬೆಲೆ.

ಆ ದರ್ಜಿ ಅಂಗಡಿಗಳಲ್ಲಿ ಈಗ ಎಷ್ಟು ಉಳಿದಿವೆ? ರಮಝಾನಿನ ಹದಿನೈದನೇ ರೋಝಾ ದಾಟಿದರೆ 'ಬುಕಿಂಗ್ ಬಂದ್' ಎಂದು ರಟ್ಟು ನೇತುಹಾಕುತ್ತಿದ್ದ ಅಂಗಡಿಗಳು ಅಂಚು ಮಡಿಚುವ, ಸೊಂಟ ಚಿಕ್ಕದು ಮಾಡುವ ಆಲ್ಟರೇಷನ್ ಕೆಲಸಕ್ಕೆ ಇಳಿದಿವೆ. ತಿಲಕ್‌ನಗರದ ಈದ್ಗಾಹ್‌ನಲ್ಲಿ ಈದ್ ದಿನ ಕಾಣುವ ಕುರ್ತಾಗಳಲ್ಲೂ ಬಹುಪಾಲು ಸಿದ್ಧ ಉಡುಪುಗಳೇ, ಕಂಕುಳಲ್ಲಿ ಚೌಬಗಲಾ ಇಲ್ಲದವು. ದರ್ಜಿಯ ಮನೆಯ ಹೆಣ್ಣುಮಕ್ಕಳು ಹೊರವಲಯದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಲ್ಲಿ ಒಬ್ಬಳು ದಿನವಿಡೀ ಜೇಬು ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ಒಳಗಾಲಿನ ಹೊಲಿಗೆ ಮಾತ್ರ. ಇಡೀ ಪ್ಯಾಂಟು ಯಾರಿಗೂ ಗೊತ್ತಿಲ್ಲ. ಶ್ರೀರಂಗಪಟ್ಟಣದ ಅಂಥ ಒಂದು ಕಾರ್ಖಾನೆ 2020ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ಬಾಗಿಲು ಹಾಕಿದಾಗ ಸಾವಿರದ ಇನ್ನೂರಕ್ಕೂ ಹೆಚ್ಚು ಕೆಲಸಗಾರರು, ಬಹುತೇಕ ಹೆಂಗಸರು, ಗೇಟಿನ ಬಳಿ ಧರಣಿ ಕೂತರು. ಇಷ್ಟು ವರ್ಷ ಹೊಲಿದ ಕೈಗಳು ಮನೆಗೆ ಮರಳಿ ತಾವೇ ಒಂದು ಅಂಗಡಿ ತೆರೆಯೋಣವೆಂದರೆ ಅವಕ್ಕೆ ಕತ್ತರಿ ಹಿಡಿಯಲು ಯಾರೂ ಕಲಿಸಿರಲಿಲ್ಲ.

ಕರ್ನಾಟಕದಲ್ಲಿ ಜೀನ್ಸ್ ಎಂದರೆ ಬಳ್ಳಾರಿ. ಕೌಲ್‌ಬಜಾರಿನಿಂದ ಹಿಡಿದು ಊರ ಹೊರವಲಯದವರೆಗೆ ನೂರಾರು ಸಣ್ಣ ಘಟಕಗಳು, ಮನೆಮನೆಯಲ್ಲಿ ದಾರ ಕತ್ತರಿಸುವ, ಗುಂಡಿ ಹಾಕುವ ಹೆಂಗಸರು. ದರ್ಜಿ ಸಮುದಾಯದವರೂ ಮುಸ್ಲಿಮರೂ ಇತರರೂ ಸೇರಿ ಕಟ್ಟಿದ ಉದ್ಯಮ ಅದು. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ರಾಹುಲ್ ಗಾಂಧಿಯವರು ಅಲ್ಲಿಗೆ ಐದು ಸಾವಿರ ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಮಾಡುವ ಭರವಸೆ ಕೊಟ್ಟರು. ಪಾರ್ಕು, ನೀರು, ರಸ್ತೆ, ತ್ಯಾಜ್ಯ ಶುದ್ಧೀಕರಣ ಎಲ್ಲವೂ ಆಗಲಿ. ಬಣ್ಣದ ನೀರು ಚರಂಡಿಗೆ ಹರಿಯುವುದು ನಿಲ್ಲಲಿ. ಆದರೆ ಈ ಯೋಜನೆಗಳ ಕುರಿತು ಓದಿದ ಯಾವ ವರದಿಯಲ್ಲೂ ಪ್ಯಾಂಟಿನ ನಕ್ಷೆಯ ಬಗ್ಗೆ ಒಂದು ಸಾಲನ್ನೂ ನಾವು ಕಾಣಲಿಲ್ಲ. ಬಳ್ಳಾರಿಯ ಜೀನ್ಸ್ ಅಗ್ಗ ಎಂಬುದಷ್ಟೇ ಅದರ ಹೆಸರು. ಹೊರಗಿನ ಬ್ರ್ಯಾಂಡಿನ ಹೊಸ ಮಾದರಿಯನ್ನು ತಂದು, ಬಿಚ್ಚಿ, ರಟ್ಟಿನ ಮೇಲೆ ಗೀಚಿ, ಅದನ್ನೇ ಕತ್ತರಿಸುವುದು ವಾಡಿಕೆ. ನಕಲು ಮಾಡುವವನು ಯಾವಾಗಲೂ ಒಂದು ವರ್ಷ ಹಿಂದೆ ಇರುತ್ತಾನೆ, ಅರ್ಧ ಬೆಲೆಗೆ ಮಾರುತ್ತಾನೆ. ನೆಲದ ಮೇಲೆ ಕೂತು ಉಣ್ಣುವ, ಹೊಲದಲ್ಲಿ ಬಗ್ಗಿ ಕಳೆ ಕೀಳುವ, ಮಸೀದಿಯಲ್ಲೋ ಮಠದ ಪಂಕ್ತಿಯಲ್ಲೋ ಕಾಲು ಮಡಿಚುವ, ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಜನರಿಗಾಗಿ ಕತ್ತರಿಸಿದ ಜೀನ್ಸ್ ಎಂದು ಬಳ್ಳಾರಿ ಒಂದು ಮಾದರಿಯನ್ನು ಮಾಡಿದರೆ ಅದಕ್ಕೆ ಹೋಲಿಕೆಯ ಸರಕು ಬೇರೆಲ್ಲೂ ಇರದು. ಆಸನದ ಹಿಂಬದಿ ಎರಡು ಬೆರಳು ಎತ್ತರ, ನಡುವೆ ಮಿಯಾನಿ, ಮಂಡಿಯಲ್ಲಿ ಸಣ್ಣ ಮಡಿಕೆ, ಹೆಂಗಸರದಕ್ಕೂ ಅಂಗೈ ಮುಳುಗುವ ಜೇಬು. ಇದಕ್ಕೆ ವಿದೇಶಿ ಪರಿಣತರು ಬೇಡ, ಉಳಿದಿರುವ ಹಳೆಯ ದರ್ಜಿಗಳನ್ನು ಕರೆದು ಕೂರಿಸಿದರೆ ಸಾಕು.

ಖರ್ಚಿನ ಮಾತು ಬರುತ್ತದೆ. ನಾಲ್ಕು ಹೊಲಿಗೆ ಹೆಚ್ಚು, ಒಂದೆರಡು ನಿಮಿಷ ಹೆಚ್ಚು ಎಂದು ಮಾಲೀಕರು ಹೇಳುವುದು ಸುಳ್ಳಲ್ಲ. ಬಟ್ಟೆಯ ಲೆಕ್ಕ ಮಾತ್ರ ಹೇಳಬಾರದು. ಕಟಿಂಗ್ ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಡೆನಿಮ್ ಮೇಲೆ ಪ್ಯಾಂಟಿನ ಕಾಲುಗಳ ನಕ್ಷೆ ಜೋಡಿಸಿದಾಗ, ಆಸನದ ಬಾಗಿದ ಗೆರೆಗಳ ನಡುವೆ ಅಂಗೈಯಷ್ಟು ಅಗಲದ ಚೂರುಗಳು ಉಳಿಯುತ್ತವೆ. ಒಂದು ಮಿಯಾನಿಗೆ ಬೇಕಾದಷ್ಟೇ ಅಗಲ. ಈಗ ಅವನ್ನು ಗೋಣಿಚೀಲಕ್ಕೆ ತುಂಬಿ, ಗ್ಯಾರೇಜುಗಳಲ್ಲಿ ಎಣ್ಣೆ ಒರೆಸುವುದಕ್ಕೆಂದು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ.